ಪ್ರಶ್ನೋತ್ತರ: ಪರರಾಷ್ಟ್ರದ ಸಾಲದಲ್ಲಿ ಡಿಜಿಟಲ್ ಟಿ.ವಿ.

ಆಫ್ರಿಕಾದ ಜಾಂಬಿಯಾ ದೇಶವು ತನ್ನ ಟಿ.ವಿ. ಪ್ರಸಾರವನ್ನು ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಾಯಿಸಿಕೊಳ್ಳಲು ಚೀನಾದ ಸರಕಾರಿ ಬ್ಯಾಂಕಿನಿಂದ ಸಾಲ ಪಡೆದ ಸಂಗತಿಯನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಚುಟುಕಾಗಿ ಪ್ರಸ್ತಾಪಿಸಿದ್ದೆವು. ಅದನ್ನು ಓದಿ ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಾಗಿ ಎತ್ತಿಕೊಂಡಿದ್ದೇವೆ. ಪತ್ರ ಬರೆದವರ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ (ನಿವೃತ್ತ ಅಧ್ಯಾಪಕರು, ಬದಿಯಡ್ಕ): ನನ್ನ ಮಗ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಮನೆಯ ಟಿ.ವಿ.ಗೆ ‘ಟಾಪ್‌ಸ್ಟಾರ್’ ಎಂಬ ಕಂಪೆನಿಯ ಪೆಟ್ಟಿಗೆ ಇದೆ. ಆ ಕಂಪೆನಿ ಸರಕಾರದ್ದೋ ಚೀನಾದವರದ್ದೋ ಎಂದು ಅಲ್ಲಿನ ನೆರೆಹೊರೆಯವರಲ್ಲೇ ಒಮ್ಮತವಿಲ್ಲವಂತೆ. ಟಿ.ವಿ. ಬದಲಾಯಿಸುವುದಕ್ಕಾಗಿ ಒಂದು ಸರಕಾರ ಪರದೇಶದ ಬ್ಯಾಂಕಿನ ಬಾಗಿಲು ತಟ್ಟುವ ಅಗತ್ಯವಾದರೂ ಏನಿತ್ತು?

ಉತ್ತರ: ಅಗತ್ಯ ಹುಟ್ಟಿದ್ದು 2006ರಲ್ಲಿ, ಜಿನೀವಾದಲ್ಲಿ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಆಶ್ರಯದಲ್ಲಿ ಅಲ್ಲಿ ಸೇರಿದ ಯುರೋಪ್, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ದೇಶಗಳು, ಟಿ.ವಿ.ಗೆ ಮೀಸಲಾದ ತರಂಗಗಳನ್ನು ಡಿಜಿಟಲ್ ಪ್ರಸಾರಕ್ಕೆ ಹೊಂದುವಂತೆ ಹೊಸದಾಗಿ ಹಂಚಿಕೊಂಡು, 2015ರ ಜೂನ್ 17ನ್ನು ಗಡುವಿನ ದಿನವೆಂದು ಒಪ್ಪಿಕೊಂಡವು. ಆ ದಿನ ದಾಟಿದ ಮೇಲೆ ಅನಲಾಗ್ ಪ್ರಸಾರ ಮಾಡಿದವರಿಗೆ ದಂಡವೇನೂ ಇರಲಿಲ್ಲ. ಆದರೆ ನೆರೆದೇಶದ ಡಿಜಿಟಲ್ ಪ್ರಸಾರದಿಂದ ತಮ್ಮ ಚಿತ್ರ ಕೆಟ್ಟರೆ ದೂರು ಕೊಡುವ ಹಕ್ಕು ಅವರಿಗೆ ಉಳಿಯಲಿಲ್ಲ. ಎಂಟು ದೇಶಗಳ ನಡುವೆ ಸಮುದ್ರವಿಲ್ಲದೆ ಕುಳಿತಿರುವ ಜಾಂಬಿಯಾಕ್ಕೆ ಇದು ಸಣ್ಣ ಮಾತಲ್ಲ. ಭಾರತ ಈ ಒಪ್ಪಂದದ ವ್ಯಾಪ್ತಿಯಲ್ಲಿ ಇರಲಿಲ್ಲವಾದ್ದರಿಂದ ನಮ್ಮಲ್ಲಿ ಈ ಗಡುವಿನ ಸದ್ದು ಕೇಳಿಬರಲಿಲ್ಲ.

ಇನ್ನು ವೆಚ್ಚದ ಮಾತು. ಜಾಂಬಿಯಾದ ವಿಸ್ತೀರ್ಣ ಸುಮಾರು ಏಳೂವರೆ ಲಕ್ಷ ಚದರ ಕಿಲೋಮೀಟರ್; ಕೇರಳ, ಕರ್ನಾಟಕ, ತಮಿಳುನಾಡುಗಳನ್ನು ಸೇರಿಸಿದರೂ ಅದರ ಅರ್ಧಕ್ಕೆ ಸ್ವಲ್ಪ ಕಡಿಮೆಯೇ ಆಗುತ್ತದೆ. ರೈಲು ಮಾರ್ಗದ ಬದಿಯ ಪಟ್ಟಣಗಳಿಗೆ ಡಿಜಿಟಲ್ ಪ್ರಸಾರ ಮುಟ್ಟಿಸುವುದು ಸುಲಭ, ಅದು ಮೊದಲ ಹಂತದಲ್ಲೇ ಆಯಿತು. ಆದರೆ ದೂರದೂರ ಚದುರಿರುವ ಹಳ್ಳಿಗಳಿಗೆ ಮುಟ್ಟಿಸಲು ಗೋಪುರ, ಪ್ರಸಾರ ಯಂತ್ರ, ವಿದ್ಯುತ್ತು, ಉಪಗ್ರಹ ಸಂಪರ್ಕ, ಪ್ರಾಂತಗಳಲ್ಲಿ ಸ್ಟುಡಿಯೋ ಎಲ್ಲವೂ ಬೇಕು. ಅದೇ ಹೊತ್ತಿಗೆ, ಅಂದರೆ 2015ರಲ್ಲಿ, ಆ ದೇಶದ ಆದಾಯದ ಬೆನ್ನೆಲುಬಾದ ತಾಮ್ರದ ಬೆಲೆ ಕುಸಿಯಿತು. ಗಡುವು ಎದುರಿಗಿತ್ತು, ಬೊಕ್ಕಸ ಬರಿದಾಗುತ್ತಿತ್ತು. ಎರಡನೆಯ ಮತ್ತು ಮೂರನೆಯ ಹಂತಗಳನ್ನು ಒಟ್ಟು 27.3 ಕೋಟಿ ಡಾಲರ್‌ಗೆ ಮುಗಿಸಿಕೊಡುವುದಾಗಿ ಚೀನಾದ ಸ್ಟಾರ್‌ಟೈಮ್ಸ್ ಕಂಪೆನಿ ಮುಂದೆ ಬಂದಿತು; ಹಣಕ್ಕೆ ಚೀನಾದ ರಫ್ತು-ಆಮದು ಬ್ಯಾಂಕು, ಅಂದರೆ ಎಕ್ಸಿಮ್ ಬ್ಯಾಂಕು, ಬೆನ್ನಿಗೆ ನಿಂತಿತು.

ನಿಮ್ಮ ಮಗನ ನೆರೆಹೊರೆಯವರ ಗೊಂದಲಕ್ಕೂ ಆಧಾರವಿದೆ. ಟಾಪ್‌ಸ್ಟಾರ್ ಪೂರ್ತಿ ಸರಕಾರದ್ದೂ ಅಲ್ಲ, ಪೂರ್ತಿ ಚೀನಾದವರದ್ದೂ ಅಲ್ಲ. ಅದು ಸ್ಟಾರ್‌ಟೈಮ್ಸ್ ಶೇಕಡಾ 60, ಜಾಂಬಿಯಾದ ರಾಷ್ಟ್ರೀಯ ಪ್ರಸಾರ ನಿಗಮ ಶೇಕಡಾ 40 ಪಾಲು ಹೊಂದಿರುವ ಜಂಟಿ ಕಂಪೆನಿ. ಪ್ರಸಾರ ನಿಗಮ ಇಂದಿಗೂ ಸರಕಾರದ್ದೇ, ಅದರ ಸುದ್ದಿಕೋಣೆಯೂ ಅದರ ಕೈಯಲ್ಲೇ ಇದೆ. 2018ರಲ್ಲಿ, ಸಾಲದ ಬಾಕಿಗಾಗಿ ಪ್ರಸಾರ ನಿಗಮವೇ ಚೀನಾದವರ ಪಾಲಾಯಿತೆಂಬ ಸುದ್ದಿ ವಿದೇಶಿ ಪತ್ರಿಕೆಗಳಲ್ಲೂ ಹರಡಿತು, ಸರಕಾರ ಅದನ್ನು ಅಲ್ಲಗಳೆಯಿತು. ಸುದ್ದಿ ತಪ್ಪಾಗಿತ್ತು, ಆದರೆ ಜನರ ಅಳುಕು ತಪ್ಪಾಗಿತ್ತೆಂದು ಹೇಳಲಾರೆ. ಎಲ್ಲ ವಾಹಿನಿಗಳ ಸಂಕೇತವನ್ನೂ ಗೋಪುರದಿಂದ ಮನೆಗೆ ಒಯ್ಯುವ, ಚಂದಾ ಹಣವನ್ನು ಎಣಿಸಿಕೊಳ್ಳುವ ಕಂಪೆನಿಯಲ್ಲಿ ಹೊರಗಿನವರ ಪಾಲೇ ದೊಡ್ಡದು ಎಂಬುದು ನಿಜವಷ್ಟೆ.

ಪ್ರಶ್ನೆ (ಸೇವಾ ಸಹಕಾರಿ ಬ್ಯಾಂಕಿನ ನೌಕರರು, ಪೆರ್ಲ): ಚೀನಾದ ಈ ಸಾಲಗಳ ಬಡ್ಡಿ ಶೇಕಡಾ ಎರಡರ ಆಸುಪಾಸು, ವಾಯಿದೆ ಇಪ್ಪತ್ತು ವರ್ಷ ಎಂದು ಓದಿದ್ದೇನೆ. ನಮ್ಮ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟವರಿಗೂ ಇಷ್ಟು ಅಗ್ಗದ ಸಾಲ ಸಿಗುವುದಿಲ್ಲ. ಹಾಗಿರುವಾಗ ಇದನ್ನು ದೂರುವುದರಲ್ಲಿ ಅರ್ಥವೇನು?

ಉತ್ತರ: ನೀವು ಓದಿದ್ದು ಸರಿ. 1994ರಲ್ಲಿ ಸ್ಥಾಪನೆಯಾದ ಚೀನಾದ ಎಕ್ಸಿಮ್ ಬ್ಯಾಂಕಿನ ರಿಯಾಯಿತಿ ಸಾಲಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಮೊದಲ ಕೆಲವು ವರ್ಷ ಅಸಲಿನ ಕಂತು ಕಟ್ಟಬೇಕಾಗಿಲ್ಲ ಎಂಬ ಸೌಲಭ್ಯವೂ ಇರುತ್ತದೆ. ಬಡ್ಡಿಯನ್ನಷ್ಟೇ ನೋಡಿದರೆ, ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡು ಮಾರಿ ಹಣ ಎತ್ತುವುದಕ್ಕಿಂತ ಇದು ಎಷ್ಟೋ ಅಗ್ಗ. ಆದ್ದರಿಂದ ಬಡ್ಡಿಯ ಕಾರಣಕ್ಕೆ ಈ ಸಾಲವನ್ನು ಶೋಷಣೆ ಎನ್ನುವವರ ಜೊತೆ ನಾನಿಲ್ಲ.

ಆದರೆ ಈ ಬ್ಯಾಂಕಿನ ಹೆಸರಿನಲ್ಲೇ ಇರುವಂತೆ ಅದರ ಉದ್ದೇಶ ರಫ್ತು. ತನ್ನ ದೇಶದ ಯಂತ್ರಗಳೂ ಗುತ್ತಿಗೆದಾರರೂ ಹೊರಗೆ ಮಾರಾಟವಾಗಬೇಕು ಎಂಬುದಕ್ಕಾಗಿಯೇ ಅದು ಇದೆ. ರಿಯಾಯಿತಿ ಸಾಲದಲ್ಲಿ ಖರೀದಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸಾಮಗ್ರಿ ಚೀನಾದ್ದಾಗಿರಬೇಕು, ಗುತ್ತಿಗೆದಾರರು ಚೀನಾದವರಾಗಿರಬೇಕು. ಖರೀದಿದಾರರಿಗೆ ಕೊಡುವ ಇನ್ನೊಂದು ಬಗೆಯ ರಿಯಾಯಿತಿ ಸಾಲ ಡಾಲರಿನಲ್ಲಿರುತ್ತದೆ. ಅದು ಸಾಮಾನ್ಯವಾಗಿ ಗುತ್ತಿಗೆಯ ಮೊತ್ತದ ಶೇಕಡಾ 85ರವರೆಗೆ ದೊರೆಯುತ್ತದೆ, ಉಳಿದುದನ್ನು ಸಾಲಗಾರ ದೇಶ ತಾನೇ ಹೊಂದಿಸಬೇಕು. ಸಾಲದ ಹಣ ಬಹುಮಟ್ಟಿಗೆ ಸಾಲಗಾರನ ಖಾತೆಗೆ ಬರುವುದೇ ಇಲ್ಲ. ಕೆಲಸ ಮುಂದುವರಿದಂತೆ ಬ್ಯಾಂಕು ಅದನ್ನು ನೇರವಾಗಿ ತನ್ನ ದೇಶದ ಗುತ್ತಿಗೆದಾರರಿಗೆ ಪಾವತಿ ಮಾಡುತ್ತದೆ. ನಿರ್ವಹಣಾ ಶುಲ್ಕ, ಇನ್ನೂ ಎತ್ತದ ಸಾಲದ ಮೇಲಿನ ಶುಲ್ಕ, ವಿಮೆಯ ಕಂತು ಇವೆಲ್ಲ ಬಡ್ಡಿಯ ಹೊರಗಿನ ಲೆಕ್ಕಗಳು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಸಾಲದ ಜೊತೆಗೇ ಗುತ್ತಿಗೆದಾರನೂ ಬರುವಲ್ಲಿ ಸ್ಪರ್ಧೆಯ ಟೆಂಡರಿಗೆ ಅವಕಾಶ ಕಡಿಮೆ. ಪ್ರಸಾರ ಯಂತ್ರದ ಬೆಲೆ ಹೆಚ್ಚೋ ಕಡಿಮೆಯೋ ಎಂದು ಹೋಲಿಸಿ ನೋಡಲು ಎರಡನೆಯ ದರಪಟ್ಟಿಯೇ ಇರುವುದಿಲ್ಲ. ಬಡ್ಡಿಯಲ್ಲಿ ಉಳಿದದ್ದು ಬೆಲೆಯಲ್ಲಿ ಹೋಗಬಹುದು.

ನಿಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಸಾಲ ಕೊಡುವ ಬ್ಯಾಂಕು, ಪಂಪನ್ನು ತಾನು ಹೇಳಿದ ಅಂಗಡಿಯಿಂದಲೇ ಕೊಳ್ಳಬೇಕೆಂದರೆ ಕೃಷಿಕರು ಗೊಣಗಿಕೊಂಡು ಒಪ್ಪಿಯಾರು. ಅದೇ ಅಂಗಡಿಯವನು ಮುಂದೆ ಕೆರೆಯ ನೀರಿನಲ್ಲೂ ಐದರಲ್ಲಿ ಮೂರು ಪಾಲು ತನಗೆ ಬರಬೇಕೆಂದರೆ ಒಪ್ಪುವರೇ? ಜಾಂಬಿಯಾದಲ್ಲಿ ಆದದ್ದು ಈ ಎರಡನೆಯದು. ಸಾಲ, ಗುತ್ತಿಗೆ, ಮುಂದಿನ ವ್ಯಾಪಾರ ಈ ಮೂರೂ ಒಂದೇ ಕಡೆ ಕೂಡಿಕೊಂಡವು. ಸಾಲ ಎಂದಾದರೂ ಒಂದು ದಿನ ತೀರುತ್ತದೆ. ಪ್ರಸಾರದ ಕಂಪೆನಿಯಲ್ಲಿ ಕೊಟ್ಟ ಪಾಲು ಸಾಲ ತೀರಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ. ಈ ವಿಷಯದಲ್ಲಿ ನಾನು ದೂರುವುದಿದ್ದರೆ ಇದನ್ನೇ.

ಇನ್ನೊಂದು ತೊಡಕು ನಾಣ್ಯದ್ದು. ಟಾಪ್‌ಸ್ಟಾರಿನ ಚಂದಾ ಆದಾಯದಿಂದಲೇ ಸಾಲ ತೀರಬೇಕೆಂಬುದು ಯೋಜನೆಯ ಲೆಕ್ಕಾಚಾರ. ಚಂದಾ ಬರುವುದು ಜಾಂಬಿಯಾದ ಕ್ವಾಚಾದಲ್ಲಿ, ಗುತ್ತಿಗೆಯ ಲೆಕ್ಕವೋ ಡಾಲರಿನಲ್ಲಿ. 2015ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು ಆರೂವರೆ ಕ್ವಾಚಾ ಇದ್ದುದು, 2021ರ ನಡುವಿಗೆ 22 ದಾಟಿತು. ಲುಸಾಕಾದ ಒಂದು ಮನೆಯವರು ಅಷ್ಟೇ ಚಂದಾ ಕಟ್ಟುತ್ತಾ ಹೋದರೂ, ಡಾಲರಿನ ಲೆಕ್ಕದಲ್ಲಿ ಅವರು ಕಟ್ಟುತ್ತಿರುವುದು ಮೊದಲಿನದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಯಿತು. ಅಷ್ಟಕ್ಕೇ ಚಂದಾ ಏರಿಸಿದರೆ ಜನರು ಪೆಟ್ಟಿಗೆಯನ್ನೇ ಮೂಲೆಗಿಡುತ್ತಾರೆ. ಶೇಕಡಾ ಎರಡರ ಬಡ್ಡಿಯೆಂಬ ಸಂಖ್ಯೆಯಲ್ಲಿ ಈ ನಷ್ಟ ಕಾಣುವುದಿಲ್ಲ.

2020ರ ನವೆಂಬರಿನಲ್ಲಿ ಜಾಂಬಿಯಾ ತನ್ನ ವಿದೇಶಿ ಬಾಂಡುಗಳ ಬಡ್ಡಿ ಕಟ್ಟಲಾಗದೆ ಸುಸ್ತಿದಾರನಾಯಿತು. ಅದಕ್ಕೆ ಟಿ.ವಿ. ಸಾಲ ಕಾರಣವೆಂದು ಯಾರೂ ತಿಳಿಯಬಾರದು. ರಸ್ತೆ, ವಿಮಾನ ನಿಲ್ದಾಣ, ಜಲವಿದ್ಯುತ್ ಯೋಜನೆಗಳ ಸಾಲದ ಎದುರು ಇದು ಚಿಲ್ಲರೆ. ಆದರೆ 2023ರ ಜೂನಿನಲ್ಲಿ ಸಾಲಗಾರ ಸರಕಾರದೊಡನೆ ಬೇರೆ ದೇಶಗಳ ಸರಕಾರಗಳು 630 ಕೋಟಿ ಡಾಲರಿನ ಸಾಲವನ್ನು ಮರುಹೊಂದಿಸಲು ಒಪ್ಪಿದಾಗ, ಅದರಲ್ಲಿ ಸುಮಾರು 410 ಕೋಟಿ ಚೀನಾದ ಎಕ್ಸಿಮ್ ಬ್ಯಾಂಕೊಂದರದ್ದೇ ಆಗಿತ್ತು. ಇಂತಹ ಒಪ್ಪಂದಗಳ ಕರಾರುಪತ್ರಗಳು ಸಾರ್ವಜನಿಕರ ಕಣ್ಣಿಗೆ ಬೀಳುವುದು ಅಪರೂಪ. 2021ರಲ್ಲಿ ಸಂಶೋಧಕರ ತಂಡವೊಂದು 24 ದೇಶಗಳು ಚೀನಾದ ಸಂಸ್ಥೆಗಳೊಡನೆ ಮಾಡಿಕೊಂಡ 100 ಸಾಲಪತ್ರಗಳನ್ನು ಕಲೆಹಾಕಿ ಓದಿದಾಗ, ಕರಾರನ್ನು ಗುಟ್ಟಾಗಿ ಇಡಬೇಕೆಂಬ ಷರತ್ತು ಅವುಗಳಲ್ಲಿ ವ್ಯಾಪಕವಾಗಿರುವುದು ಕಂಡುಬಂತು. ಸದಸ್ಯರ ಮಹಾಸಭೆಯ ಮುಂದೆ ಲೆಕ್ಕ ಇಟ್ಟು ಅಭ್ಯಾಸವಿರುವ ನಿಮ್ಮಂತಹ ಸಹಕಾರಿಗಳಿಗೆ ಇದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಪ್ರಶ್ನೆ (ಉಪ್ಪಳ): ಚೀನಾದ ಸಾಲ ಪಡೆದವರು ಚೀನಾದ ಪ್ರಸಾರ ತಂತ್ರವನ್ನೇ ಬಳಸಬೇಕೇ?

ಉತ್ತರ: ಹಾಗೇನಿಲ್ಲ. ಚೀನಾ ತನ್ನದೇ ಡಿ.ಟಿ.ಎಂ.ಬಿ. ಎಂಬ ತಂತ್ರವನ್ನು ರೂಪಿಸಿಕೊಂಡಿದೆ, ಕ್ಯೂಬಾ ಮತ್ತು ಪಾಕಿಸ್ತಾನಗಳು ಅದನ್ನು ಆರಿಸಿಕೊಂಡವು. ಆದರೆ ದಕ್ಷಿಣ ಆಫ್ರಿಕಾ ಭಾಗದ ದೇಶಗಳು 2010ರಲ್ಲೇ ಯುರೋಪಿನ ಡಿ.ವಿ.ಬಿ.-ಟಿ2 ತಂತ್ರಕ್ಕೆ ಒಪ್ಪಿದ್ದವು, ಸ್ಟಾರ್‌ಟೈಮ್ಸ್ ಕೂಡ ಅಲ್ಲಿ ಅದನ್ನೇ ಸ್ಥಾಪಿಸಿತು. ಯಂತ್ರ ಮಾರಾಟವಾದರೆ ಸಾಕು, ತಂತ್ರ ಯಾರದಾದರೇನು!

ಪ್ರಶ್ನೆ (ಕುಂಬಳೆ): ಕೊಲಂಬೊಗೆ ಹೋದವರೆಲ್ಲ ಅಲ್ಲಿನ ತಾವರೆ ಗೋಪುರದ ಫೊಟೋ ತೋರಿಸುತ್ತಾರೆ. ಅದೂ ಟಿ.ವಿ. ಪ್ರಸಾರಕ್ಕಾಗಿ ಚೀನಾದ ಸಾಲದಲ್ಲಿ ಕಟ್ಟಿದ್ದೆಂಬುದು ನಿಜವೇ?

ಉತ್ತರ: ನಿಜ. ಸುಮಾರು 350 ಮೀಟರ್ ಎತ್ತರದ ಆ ಗೋಪುರಕ್ಕೆ 2012ರಲ್ಲಿ ಒಪ್ಪಂದವಾಯಿತು. ಹತ್ತು ಕೋಟಿ ಡಾಲರಿಗೂ ಮೀರಿದ ವೆಚ್ಚದ ದೊಡ್ಡ ಪಾಲು ಇದೇ ಎಕ್ಸಿಮ್ ಬ್ಯಾಂಕಿನ ಸಾಲ. ಟಿ.ವಿ., ರೇಡಿಯೋ ಮತ್ತು ದೂರಸಂಪರ್ಕದ ಪ್ರಸಾರ ಕೇಂದ್ರವಾಗಬೇಕೆಂಬುದೇ ಅದರ ಘೋಷಿತ ಉದ್ದೇಶ. ಆದರೆ ಕುತೂಹಲದ ವಿಷಯ ಬೇರೆಯೇ ಇದೆ. 2014ರ ಸೆಪ್ಟೆಂಬರಿನಲ್ಲಿ ಶ್ರೀಲಂಕಾ ಡಿಜಿಟಲ್ ಪ್ರಸಾರ ಜಾಲಕ್ಕಾಗಿ ಜಪಾನಿನಿಂದ ಇನ್ನೊಂದು ಸಾಲಕ್ಕೆ ಸಹಿ ಹಾಕಿತು: 1,371.7 ಕೋಟಿ ಯೆನ್. ಅದೇ ವರ್ಷ, ಅದುವರೆಗೆ ಒಲವು ತೋರಿದ್ದ ಯುರೋಪಿನ ತಂತ್ರವನ್ನು ಬಿಟ್ಟು ಜಪಾನಿನ ಐ.ಎಸ್.ಡಿ.ಬಿ.-ಟಿ ತಂತ್ರವನ್ನು ಒಪ್ಪಿಕೊಂಡಿತು. ಉಪ್ಪಳದ ಓದುಗರಿಗೆ ಕೊಟ್ಟ ಉತ್ತರಕ್ಕೆ ಇದನ್ನು ತಿದ್ದುಪಡಿಯಾಗಿ ಸೇರಿಸಿಕೊಳ್ಳಬಹುದು. ಸಾಲದ ಜೊತೆ ತಂತ್ರವನ್ನು ಕಟ್ಟಿಕೊಟ್ಟವರು ಇಲ್ಲಿ ಚೀನಾದವರಲ್ಲ, ಜಪಾನಿನವರು. ಗೋಪುರ ಬೀಜಿಂಗಿನ ಸಾಲದಲ್ಲಿ, ಅದರಿಂದ ಹೊರಡಬೇಕಾದ ಸಂಕೇತ ಟೋಕಿಯೋದ ಸಾಲದಲ್ಲಿ. ಗೋಪುರ 2019ರಲ್ಲಿ ಉದ್ಘಾಟನೆಯಾಗಿ, 2022ರ ಸೆಪ್ಟೆಂಬರಿನಲ್ಲಿ ಟಿಕೆಟು ಕೊಳ್ಳುವ ಸಂದರ್ಶಕರಿಗೆ ತೆರೆಯಿತು. ಅಷ್ಟರಲ್ಲಿ, ಅದೇ ವರ್ಷದ ಏಪ್ರಿಲಿನಲ್ಲಿ, ದೇಶ ತನ್ನ ವಿದೇಶಿ ಸಾಲಗಳನ್ನು ಕಟ್ಟುವುದನ್ನೇ ನಿಲ್ಲಿಸಿತ್ತು. ಜಪಾನಿನ ಸಾಲಕ್ಕೆ ಸಹಿ ಬಿದ್ದು ಹತ್ತು ವರ್ಷ ಕಳೆದರೂ ದ್ವೀಪದ ಭೂಪ್ರಸಾರ, ಅಂದರೆ ಗೋಪುರದಿಂದ ಮನೆಯ ಆಂಟೆನಾಕ್ಕೆ ಬರುವ ಪ್ರಸಾರ, ಪೂರ್ತಿ ಡಿಜಿಟಲ್ ಆಗಲಿಲ್ಲ.

ಪ್ರಶ್ನೆ (ಕೇಬಲ್ ಆಪರೇಟರ್, ಮುಳ್ಳೇರಿಯ): ನಮ್ಮಲ್ಲಿಯೂ ಅನಲಾಗ್ ನಿಂತು ಡಿಜಿಟಲ್ ಬಂತು. ಭಾರತ ಇದಕ್ಕಾಗಿ ಯಾರಿಂದ ಸಾಲ ಪಡೆಯಿತು?

ಉತ್ತರ: ಸರಕಾರ ಯಾವ ಪರದೇಶದ ಬ್ಯಾಂಕಿನ ಮುಂದೆಯೂ ನಿಲ್ಲಬೇಕಾಗಲಿಲ್ಲ. ಕಾರಣ ನಿಮ್ಮಂತಹವರು ಮತ್ತು ನಿಮ್ಮ ಗ್ರಾಹಕರು. 2011ರ ಕೇಬಲ್ ಕಾಯ್ದೆಯ ತಿದ್ದುಪಡಿಯ ಪ್ರಕಾರ, 2012ರಲ್ಲಿ ಮಹಾನಗರಗಳಿಂದ ಮೊದಲ್ಗೊಂಡು 2017ರ ಮಾರ್ಚ್ 31ಕ್ಕೆ ಗ್ರಾಮಾಂತರ ಪ್ರದೇಶದವರೆಗೆ ನಾಲ್ಕು ಹಂತಗಳಲ್ಲಿ ಕೇಬಲ್ ಡಿಜಿಟಲ್ ಆಗಬೇಕಾಯಿತು. ಸೆಟ್‌ಟಾಪ್ ಬಾಕ್ಸಿನ ಹಣವನ್ನು ಮನೆಯವರು ಕೊಟ್ಟರು, ಕೇಂದ್ರದ ಯಂತ್ರಗಳಿಗೆ ದೊಡ್ಡ ಕೇಬಲ್ ಕಂಪೆನಿಗಳು ಬಂಡವಾಳ ಹಾಕಿದವು, ಮನೆಮನೆಗೆ ಏಣಿ ಹತ್ತಿ ಇಳಿಯುವ ಕೆಲಸ ಸ್ಥಳೀಯ ಆಪರೇಟರುಗಳ ಪಾಲಿಗೆ ಬಂತು. ಲೆಕ್ಕಪತ್ರದಲ್ಲಿ ಎಲ್ಲೂ ರಾಷ್ಟ್ರೀಯ ಸಾಲವೆಂದು ಕಾಣದ ಈ ವೆಚ್ಚ ದೊಡ್ಡದೇ ಆಗಿತ್ತು, ಕೋಟ್ಯಂತರ ಮನೆಗಳಲ್ಲಿ ಹಂಚಿಹೋದ್ದರಿಂದ ಗದ್ದಲವಾಗಲಿಲ್ಲ.

ಆಂಟೆನಾದ ಮೂಲಕ ಬರುವ ದೂರದರ್ಶನದ ಕತೆ ಬೇರೆ. 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರ ಆರಂಭವಾಯಿತಾದರೂ ಅದು ಜನಪ್ರಿಯವಾಗಲಿಲ್ಲ. ಕೊನೆಗೆ ಪ್ರಸಾರ ಭಾರತಿಯು ಆಯಕಟ್ಟಿನ ಸುಮಾರು 50 ಸ್ಥಾವರಗಳನ್ನು ಉಳಿಸಿಕೊಂಡು, 2022ರ ಮಾರ್ಚ್ ಒಳಗೆ ಉಳಿದ ಅನಲಾಗ್ ಸ್ಥಾವರಗಳನ್ನು ಹಂತಹಂತವಾಗಿ ಮುಚ್ಚಿತು. 2004ರಿಂದ ಇರುವ ಉಪಗ್ರಹದ ಉಚಿತ ಡಿಶ್ ಸೇವೆ ಆ ಜಾಗವನ್ನು ತುಂಬಿತು. ಗುಡ್ಡದ ಮರೆಯಲ್ಲಿರುವ ಊರುಗಳಿಗೆ ಗೋಪುರಕ್ಕಿಂತ ಉಪಗ್ರಹವೇ ಅಗ್ಗ ಎಂಬುದು ಜಾಂಬಿಯಾದ ಯೋಜಕರಿಗೂ ತಿಳಿಯದ ವಿಷಯವೇನಲ್ಲ; ಸ್ವಂತ ಉಪಗ್ರಹವಿಲ್ಲದ ದೇಶಕ್ಕೆ ಅದೂ ಬಾಡಿಗೆಯ ವ್ಯವಹಾರವೇ.

ಭಾರತ ಸಾಲ ಕೊಡುವವರ ಸಾಲಿನಲ್ಲೂ ಇದೆ ಎಂಬುದನ್ನು ಮರೆಯಬಾರದು. 1982ರಲ್ಲಿ ಸ್ಥಾಪನೆಯಾದ ನಮ್ಮ ಎಕ್ಸಿಮ್ ಬ್ಯಾಂಕು ಕೇಂದ್ರ ಸರಕಾರದ ಪರವಾಗಿ ಆಫ್ರಿಕಾ ಮತ್ತು ಏಷ್ಯಾದ ದೇಶಗಳಿಗೆ ಸಾಲ ನೀಡುತ್ತದೆ, ಅದರಲ್ಲಿಯೂ ಸಾಮಾನ್ಯವಾಗಿ ಶೇಕಡಾ 75ರಷ್ಟು ಸರಕು ಮತ್ತು ಸೇವೆ ಭಾರತದಿಂದಲೇ ಹೋಗಬೇಕು. ಖರೀದಿಯ ಷರತ್ತಿನಲ್ಲಿ ನಾವು ಚೀನಾಕ್ಕಿಂತ ಉದಾರಿಗಳೆಂದು ಬೀಗುವಂತಿಲ್ಲ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ): ಗೋಪುರ ಯಾರ ಕೈಯಲ್ಲಿದೆಯೋ ಅವರೇ ವಾಹಿನಿಗಳನ್ನು ಆರಿಸುವುದಾದರೆ ಸಣ್ಣ ಭಾಷೆಗಳ ಗತಿ ಏನು? ನಮ್ಮ ಮನೆಯ ಕೇಬಲಿನಲ್ಲಿ ಮೂಲ ಪ್ಯಾಕಿನಿಂದ ಕನ್ನಡ ವಾಹಿನಿಗಳು ಒಂದೊಂದಾಗಿ ಮರೆಯಾದದ್ದರಿಂದ ಕೇಳುತ್ತಿದ್ದೇನೆ. ಬೇರೆಯವರ ಸಾಲವಿಲ್ಲದೆ ಈ ಬದಲಾವಣೆ ಮಾಡಿಕೊಂಡ ಬಡ ದೇಶಗಳಿಲ್ಲವೇ?

ಉತ್ತರ: ಎರಡೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅನಲಾಗ್ ಕಾಲದಲ್ಲಿ ಪ್ರತಿಯೊಂದು ವಾಹಿನಿಗೂ ತನ್ನದೇ ಪ್ರಸಾರ ಯಂತ್ರ, ತನ್ನದೇ ತರಂಗ ಇರುತ್ತಿತ್ತು. ಡಿಜಿಟಲಿನಲ್ಲಿ ಒಂದು ವಾಹಿನಿಯ ಜಾಗದಲ್ಲಿ ಹದಿನೈದೋ ಇಪ್ಪತ್ತೋ ವಾಹಿನಿಗಳನ್ನು ಒತ್ತಿ ಸೇರಿಸಬಹುದು. ಆದರೆ ಆ ಕಟ್ಟನ್ನು ಕಟ್ಟುವವರು ಒಬ್ಬರೇ, ಉಳಿದವರೆಲ್ಲ ಅವರಿಗೆ ಶುಲ್ಕ ಕೊಟ್ಟು ಜಾಗ ಪಡೆಯಬೇಕು. ಕೆನ್ಯಾದಲ್ಲಿ ಈ ಅಧಿಕಾರ ಸರಕಾರಿ ಸಂಸ್ಥೆಗೂ ಒಂದು ಚೀನೀ ಕಂಪೆನಿಗೂ ಹೋದಾಗ ಅಲ್ಲಿನ ದೊಡ್ಡ ಖಾಸಗಿ ವಾಹಿನಿಗಳು ಸುಪ್ರೀಂ ಕೋರ್ಟಿನವರೆಗೆ ಹೋರಾಡಿದವು. 2015ರ ಫೆಬ್ರವರಿಯಲ್ಲಿ ಅವುಗಳ ಅನಲಾಗ್ ಯಂತ್ರಗಳನ್ನು ನಿಲ್ಲಿಸಿದಾಗ, ಸುಮಾರು ಮೂರು ವಾರ ಅವುಗಳ ಪರದೆ ಕತ್ತಲಾಗಿತ್ತು. ಕೊನೆಗೆ ತಮ್ಮದೇ ಪ್ರಸಾರ ಜಾಲದೊಡನೆ ಮರಳಿದವು. ಜಾಂಬಿಯಾದ ಪ್ರಸಾರ ನಿಗಮವು ಇಂಗ್ಲಿಷಿನ ಜೊತೆಗೆ ಬೆಂಬಾ, ನ್ಯಾಂಜಾ, ಟೋಂಗಾ, ಲೋಝಿ, ಕಾವೊಂಡೆ, ಲುವಾಲೆ, ಲುಂಡಾ ಎಂಬ ಏಳು ಭಾಷೆಗಳಲ್ಲಿ ರೇಡಿಯೋ ನಡೆಸುತ್ತ ಬಂದಿದೆ. ಡಿಜಿಟಲ್ ಟಿ.ವಿ.ಯಲ್ಲಿ ಈ ಭಾಷೆಗಳಿಗೆ ತಾಂತ್ರಿಕವಾಗಿ ಬೇಕಾದಷ್ಟು ಜಾಗವಿದೆ. ಆದರೆ ಚಂದಾದಿಂದ ಸಾಲ ತೀರಬೇಕಾದಲ್ಲಿ, ಫುಟ್ಬಾಲ್ ಮತ್ತು ಧಾರಾವಾಹಿಗಳೇ ಮೊದಲ ಜಾಗ ಹಿಡಿಯುತ್ತವೆ. ಲುವಾಲೆ ಮಾತನಾಡುವವರು ಎಷ್ಟು ಜನ ಚಂದಾದಾರರಾದಾರು ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಊರಿನ ಕನ್ನಡ ವಾಹಿನಿಗಳ ವಿಷಯದಲ್ಲಿ ಕೇಬಲಿನವರು ಹಾಕುವ ಲೆಕ್ಕವೂ ಇದೇ. ಜಿಲ್ಲೆಯ ಉತ್ತರ ಭಾಗದಲ್ಲಿ ಕನ್ನಡಿಗರು ಗಣನೀಯವಾಗಿದ್ದರೂ, ಪ್ಯಾಕನ್ನು ರಚಿಸುವವರು ರಾಜ್ಯಕ್ಕೆಲ್ಲ ಒಂದೇ ಅಳತೆ ಇಟ್ಟುಕೊಂಡಿರುತ್ತಾರೆ. ಕೆಲವು ವಾಹಿನಿಗಳನ್ನು ಕಡ್ಡಾಯವಾಗಿ ಒಯ್ಯಬೇಕೆಂದು ವಿಧಿಸುವ ಅಧಿಕಾರ ನಮ್ಮ ಕೇಬಲ್ ಕಾಯ್ದೆಯ 8ನೆಯ ಸೆಕ್ಷನ್‌ನಲ್ಲಿದೆ, ಅದು ದೂರದರ್ಶನ ಮತ್ತು ಸಂಸತ್ತಿನ ವಾಹಿನಿಗಳಿಗಷ್ಟೇ ಅನ್ವಯಿಸುತ್ತದೆ. ಬರೆದು ಒತ್ತಾಯಿಸುವುದಿದ್ದರೆ ಅಲ್ಲಿಂದ ಆರಂಭಿಸುವುದು ಮೇಲು.

ಸಾಲವಿಲ್ಲದೆ ಮಾಡಿದವರ ಬಗ್ಗೆ: ಘಾನಾ ಮೊದಲು ಸ್ಟಾರ್‌ಟೈಮ್ಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು, ಸಾಲದ ಹಣ ಹೊಂದಿಬರದೆ ಅದನ್ನು ರದ್ದುಮಾಡಿ, 2015ರಲ್ಲಿ ಕೆ-ನೆಟ್ ಎಂಬ ಸ್ವದೇಶಿ ಕಂಪೆನಿಗೆ 8.2 ಕೋಟಿ ಡಾಲರಿಗೆ ಕೆಲಸ ಒಪ್ಪಿಸಿತು. ಜಾಲ ದೇಶದ್ದೇ ಆಗಿ ಉಳಿಯಿತು, ಅನಲಾಗ್ ನಿಲ್ಲಿಸುವ ದಿನ ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ದಕ್ಷಿಣ ಆಫ್ರಿಕಾ ಬಡ ದೇಶವಲ್ಲದಿದ್ದರೂ ಉಲ್ಲೇಖಿಸಬೇಕು: ಸ್ವಂತ ಹಣದಲ್ಲಿ ಬಡ ಕುಟುಂಬಗಳಿಗೆ ಉಚಿತ ಪೆಟ್ಟಿಗೆ ಹಂಚುತ್ತೇವೆಂದು ಹೊರಟು, ಹಂಚಿ ಮುಗಿಯದೆ, ಅನಲಾಗ್ ನಿಲ್ಲಿಸುವ ಗಡುವಿಗೆ 2022ರಲ್ಲಿ ಸಂವಿಧಾನ ನ್ಯಾಯಾಲಯದಿಂದಲೂ 2025ರ ಮಾರ್ಚಿನಲ್ಲಿ ಹೈಕೋರ್ಟಿನಿಂದಲೂ ತಡೆ ಎದುರಿಸಿತು. ಸ್ವಾವಲಂಬನೆಗೆ ಇಲ್ಲಿ ತೆತ್ತ ಬೆಲೆ ವಿಳಂಬ. ನನ್ನ ಎಣಿಕೆಯಲ್ಲಿ ಅದು ದುಬಾರಿಯಲ್ಲ, ಏಕೆಂದರೆ ಗಡುವು ಮೀರಿದವರಿಗೆ ದಂಡವಿರಲಿಲ್ಲವೆಂದು ಮೊದಲೇ ಹೇಳಿದೆ.

ಅನಲಾಗ್ ಖಾಲಿಮಾಡಿದ ತರಂಗಗಳನ್ನು ಮೊಬೈಲ್ ಕಂಪೆನಿಗಳಿಗೆ ಹರಾಜು ಹಾಕಿ ಇಡೀ ವೆಚ್ಚವನ್ನು ಭರಿಸಬಹುದು ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಅದು ಸಾಧ್ಯ, ಆದರೆ ಹಣ ಬರುವುದು ಟಿ.ವಿ. ಜಾಗ ಖಾಲಿಮಾಡಿದ ಮೇಲೆ, ಖರ್ಚು ಬರುವುದು ಅದಕ್ಕೆ ಮುಂಚೆ. ಆ ನಡುವಿನ ಕಾಲಕ್ಕೇ ಸಾಲ ಬೇಕಾಗುವುದು. ಬೆಲೆಯೂ ನಂಬುವಂತಹದಲ್ಲ. ಭಾರತದಲ್ಲಿ 700 ಮೆಗಾಹರ್ಟ್ಸ್ ತರಂಗಗಳನ್ನು 2016ರಲ್ಲಿಯೂ 2021ರಲ್ಲಿಯೂ ಹರಾಜಿಗಿಟ್ಟಾಗ ಯಾರೂ ಕೂಗಲಿಲ್ಲ. 2022ರಲ್ಲಿ ಬೆಲೆ ಇಳಿಸಿದ ಮೇಲೆ ಜಿಯೋ ಒಂದೇ ಕಂಪೆನಿ 39,270 ಕೋಟಿ ರೂಪಾಯಿಗೆ ಅದರ ಒಂದು ಭಾಗವನ್ನು ಕೊಂಡಿತು. ಅದೇ ಹರಾಜಿನಲ್ಲಿಟ್ಟ 600 ಮೆಗಾಹರ್ಟ್ಸ್ ತರಂಗಗಳಿಗೆ ಒಬ್ಬರೂ ಬೆಲೆ ಕಟ್ಟಲಿಲ್ಲ.